ಜೀನ್ಸ್ ಮಷೀನ್‌ನಲ್ಲಿ ಮಲ್ ಬಟ್ಟೆ ಸುಕ್ಕಾಗದಂತೆ ಹೊಲಿಯಲು
ಬಳ್ಳಾರಿಯಲ್ಲಿ ಸಿಗುವ ಹಳೆ ಹೊಲಿಗೆ ಮಷೀನ್ ಬಹುತೇಕ ಜೀನ್ಸ್ ಹೊಲಿದದ್ದೇ. ನನ್ನದೂ ಅಂಥದ್ದು. ಅದರಲ್ಲಿ 1950ರ ಕಾಲದ ಪಫ್ ತೋಳಿನ ಬ್ಲೌಸ್‌ಗೆ ಮಲ್ ಎಂಬ ತೆಳು ಹತ್ತಿ ಬಟ್ಟೆ ಹಾಕಿದರೆ ಹೊಲಿಗೆಯ ಉದ್ದಕ್ಕೂ ಸುಕ್ಕು.

ಇಸ್ತ್ರಿ ಮಾಡಿದೆ, ಒಗೆದ ಮೇಲೆ ವಾಪಸ್. ದಾರ ಬದಲಿಸಿದೆ, ದಾರದ ಬಿಗಿ, ಅಂದರೆ ಟೆನ್ಷನ್, ಸಡಿಲಿಸಿದೆ. ಸೂಜಿ ಮಾತ್ರ ಬದಲಿಸಿದರೂ ಅಷ್ಟಕ್ಕಷ್ಟೆ.

ಕಾರಣ ಸೂಜಿ ಇಳಿಯುವ ಪ್ಲೇಟು. ದಪ್ಪ ಸೂಜಿಗೆಂದು ಅದರ ತೂತು ದೊಡ್ಡದಿರುತ್ತದೆ, ತೆಳು ಬಟ್ಟೆಯೂ ಸೂಜಿಯ ಜೊತೆ ಒಳಗಿಳಿಯುತ್ತದೆ. ಸಣ್ಣ ತೂತಿನ ಪ್ಲೇಟು, ಅದಕ್ಕೆ ಹೊಂದುವ, ಕೆಳಗಿನಿಂದ ಬಟ್ಟೆ ಸರಿಸುವ ಸಣ್ಣ ಹಲ್ಲು, ಎರಡನ್ನೂ ಒಟ್ಟಿಗೇ ಹಾಕಿಸಿ. ಪ್ಲೇಟು ಒಂದನ್ನೇ ತಂದರೆ ಸುಮ್ನೆ ದುಡ್ಡು ದಂಡ. ಆಮೇಲೆ 9 ನಂಬರ್ ಸೂಜಿ, ತೆಳು ದಾರ, ಹೊಲಿಗೆ ಉದ್ದ 2 ಮಿ.ಮೀ. ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಪಾದದ ಒತ್ತಡ ಇಳಿಸಿ. ಟೆನ್ಷನ್ ಕೊನೆಗೆ: ಮೊದಲು ಕೆಳಗಿನ ದಾರದ ಬಾಬಿನ್ ಕೇಸಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ನಂತರ ಮೇಲಿನ ದಾರದ್ದು. ಹೊಲಿಯುವಾಗ ಬಟ್ಟೆಯನ್ನು ಹಿಂದೆ ಮುಂದೆ ಬಿಗಿಯಾಗಿ ಹಿಡಿಯಿರಿ, ಎಳೆಯಬೇಡಿ.