ಎಡಗೈಗೆ ದಕ್ಕಿದ ಚಿತ್ರಗಳು

ಪುಸ್ತಕಗಳಿಗೆ ರೇಖಾಚಿತ್ರ ಬರೆಯುವುದು ನನ್ನ ಕಸುಬು. ಮೆಟ್ಟಿಲಿನ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಾಗ ಆರು ವಾರ ಪ್ಲಾಸ್ಟರ್ ಹಾಕಿದರು. ಆ ಆರು ವಾರ ನಾನು ಅಷ್ಟೇನೂ ಕುಗ್ಗಲಿಲ್ಲ; ಬಿಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ದಿನ ಎಣಿಸುತ್ತಿದ್ದೆ. ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ಲೇಖನಿಯನ್ನು ಹಿಡಿಯುತ್ತಿದ್ದವೇ ಹೊರತು ಗೆರೆಯನ್ನು ಹಿಡಿಯುತ್ತಿರಲಿಲ್ಲ. ಒಪ್ಪಿಕೊಂಡಿದ್ದ ಕೆಲಸ ಬೇರೆಯವರ ಪಾಲಾಯಿತು. ನನಗೆ ಕೆಟ್ಟ ಕಾಲ ಶುರುವಾದದ್ದು ಅಲ್ಲಿಂದ.

ಆಗ ಬಂದವರೆಲ್ಲ ‘ಭರವಸೆ ಕಳೆದುಕೊಳ್ಳಬೇಡಿ’ ಎಂದೇ ಹೇಳಿ ಹೋದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಆದರೆ ಅದನ್ನು ಇಟ್ಟುಕೊಂಡು ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದು ನನಗೆ ತಿಳಿಯುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಮತ್ತು ಅವರ ಸಂಗಡಿಗರು 1991ರಲ್ಲಿ ಮಂಡಿಸಿದ ವಿವರಣೆಯನ್ನು ಓದಿದಾಗ ಆ ಗೊಂದಲ ತುಸು ಬಿಡಿಸಿಕೊಂಡಿತು. ಅವರ ಪ್ರಕಾರ ಭರವಸೆಯೆಂದರೆ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯಷ್ಟೇ ಅಲ್ಲ. ಮುಟ್ಟಬೇಕಾದ ಒಂದು ಗುರಿ, ಅಲ್ಲಿಗೆ ಹೋಗುವ ದಾರಿಗಳನ್ನು ಕಂಡುಕೊಳ್ಳುವ ಶಕ್ತಿ, ಆ ದಾರಿಯಲ್ಲಿ ನಾನು ನಡೆಯಬಲ್ಲೆನೆಂಬ ನೆಚ್ಚಿಕೆ, ಇವು ಕೂಡಿದಾಗ ಅದು ಭರವಸೆ. ನನಗೆ ಗುರಿಯಿತ್ತು. ಇದ್ದ ಒಂದೇ ದಾರಿ ಬಲಗೈಯದು, ಅದು ಮುಚ್ಚಿತ್ತು. ಹಾಗಾದರೆ ನನಗೆ ಬೇಕಾಗಿದ್ದುದು ಸಮಾಧಾನವಲ್ಲ, ಎರಡನೆಯ ದಾರಿ.

ಮೊದಲು ಮಾಡಿದ್ದು ದಿನಕ್ಕೆ 15 ನಿಮಿಷ ಮನಸ್ಸಿನಲ್ಲಿದ್ದುದನ್ನು ಬರೆಯುವ ಪ್ರಯೋಗ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ ಹೀಗೆ ಬರೆಸಿದ್ದರು. ಎಡಗೈಯಲ್ಲಿ ಬರೆಯುತ್ತಿದ್ದುದರಿಂದ ನನ್ನದು ಅರ್ಧ ಪುಟ ದಾಟುತ್ತಿರಲಿಲ್ಲ, ಮತ್ತು ನಾಲ್ಕನೆಯ ದಿನಕ್ಕೆ ಅದು ಬರೀ ದೂರುಗಳ ಪಟ್ಟಿಯಾಗಿತ್ತು. ಸಿಟ್ಟಿನಿಂದ ಹಾಳೆಯನ್ನು ಹರಿದೆ. ಹರಿದ ಅಂಚನ್ನು ನೋಡಿದವನು ಮತ್ತೊಂದು ಹಾಳೆಯನ್ನು ಹರಿದೆ, ಈ ಸಲ ಬೇಕೆಂದೇ.

ಕಾಗದಕ್ಕೆ ನಾರಿನ ದಿಕ್ಕೊಂದು ಇರುತ್ತದೆ. ಆ ದಿಕ್ಕಿನಲ್ಲಿ ಹರಿದರೆ ಸೀಳು ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ಅಡ್ಡಕ್ಕೆ ಹರಿದರೆ ಅದು ತನ್ನಿಚ್ಛೆಯಂತೆ ಓರೆಯಾಗಿ, ಅಂಚು ಗುಡ್ಡಸಾಲಿನಂತೆ ಏರಿಳಿಯುತ್ತದೆ. ಒಂದೇ ಮಗ್ಗುಲಿಗೆ ಬಣ್ಣ ಬಳಿದ ದಪ್ಪ ಹಾಳೆಯಲ್ಲಿ ಮೇಲಿನ ಬಣ್ಣದ ಪದರವೂ ಒಳಗಿನ ಬಿಳುಪೂ ಒಂದೇ ಗೆರೆಯಲ್ಲಿ ಹರಿಯುವುದಿಲ್ಲ, ಹೀಗಾಗಿ ಅಂಚಿಗೆ ಬಿಳಿಯ ಎಳೆಯೊಂದು ಮೂಡುತ್ತದೆ; ಯಾವ ತುಂಡನ್ನು ನಮ್ಮ ಕಡೆಗೆ ಎಳೆಯುತ್ತೇವೆ ಎಂಬುದನ್ನು ಬದಲಿಸಿದರೆ ಆ ಎಳೆ ಇನ್ನೊಂದು ತುಂಡಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಕಾಗದದ ಮೇಲೆ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯೇ. ಬಲಗೈಯ ಹೆಬ್ಬೆರಳಿನಿಂದ ಹಾಳೆಯನ್ನು ಒತ್ತಿ ಹಿಡಿದು, ಎಡಗೈಯಿಂದ ಹರಿಯುತ್ತ, ಎರಡು ವಾರದಲ್ಲಿ ಬೂದು ಮತ್ತು ನೀಲಿ ತುಂಡುಗಳಿಂದ ಒಂದು ಮಳೆಗಾಲದ ಆಕಾಶವನ್ನು ಜೋಡಿಸಿದೆ. ಮೋಡದ ಬೆಳಕಿನಂಚು ಆ ಬಿಳಿಯ ಎಳೆಯೇ ಆಗಿತ್ತು. ಲೇಖನಿಯಲ್ಲಾಗಿದ್ದರೆ ನಾನು ಆ ಅಂಚನ್ನು ಬರೆಯುತ್ತಲೇ ಇರಲಿಲ್ಲ, ಅಳಿಸಿ ತಿದ್ದುತ್ತಿದ್ದೆ.

ಫ್ರೆಂಚ್ ಚಿತ್ರಕಾರ ಹೆನ್ರಿ ಮಾತೀಸ್ ನೆನಪಾದದ್ದು ಆಮೇಲೆ. 1941ರಲ್ಲಿ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದ ನಂತರ ಈಸೆಲ್ (ಚಿತ್ರ ಬರೆಯಲು ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟು) ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದ ಅವರು, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಚಿತ್ರ ಕಟ್ಟಿದರು. 1954ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸುತ್ತಲೇ ಹೋದರು. ಆ ಎತ್ತರದ ಹೋಲಿಕೆ ನನಗೆ ಸಲ್ಲದು. ಅವರಿಂದ ನಾನು ತೆಗೆದುಕೊಂಡದ್ದು ಒಂದು ಉಪಾಯ ಮಾತ್ರ: ತುಂಡುಗಳನ್ನು ಕೂಡಲೇ ಅಂಟಿಸದೆ ಗೋಡೆಗೆ ಗುಂಡುಸೂಜಿಯಿಂದ ಸಿಕ್ಕಿಸಿಡುವುದು. ಅಂಟಿಸಿದ ತುಂಡು ತೀರ್ಮಾನವಾಗಿಬಿಡುತ್ತದೆ, ಸಿಕ್ಕಿಸಿದ ತುಂಡನ್ನು ಎರಡು ಬೆರಳು ಆಚೆ ಸರಿಸಿ ನೋಡಬಹುದು. ರಾತ್ರಿ ಮಲಗುವಾಗ ಗೋಡೆಯ ಮೇಲೆ ಇನ್ನೂ ಜಾಗ ಸಿಗದ ಒಂದು ತುಂಡನ್ನು ಬೇಕೆಂದೇ ಉಳಿಸುತ್ತಿದ್ದೆ, ಬೆಳಿಗ್ಗೆ ಏಳಲು ಅದೊಂದು ನೆಪವಾಗುತ್ತಿತ್ತು.

ನೋವೇ ಕಲೆಯನ್ನು ಹುಟ್ಟಿಸುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನೋವು ಜೋರಾಗಿದ್ದ ದಿನಗಳಲ್ಲಿ ಒಂದು ತುಂಡೂ ಆಗಲಿಲ್ಲ. ಕೆಲಸವಾದದ್ದು ನೋವು ತುಸು ಸಡಿಲಿದಾಗ, ಅದೂ ಹಿಂದಿನ ದಿನ ಏನಾದರೂ ಉಳಿಸಿಟ್ಟಿದ್ದಾಗ.

ಈಗ ಬಲಗೈಯಲ್ಲಿ ಗೆರೆ ಬರುತ್ತದೆ, ಮೊದಲಿನಷ್ಟು ಚುರುಕಾಗಿ ಅಲ್ಲ. ಆಕಾಶ ಬರೆಯಬೇಕಾಗಿ ಬಂದಾಗ ಲೇಖನಿಯನ್ನು ಪಕ್ಕಕ್ಕಿಟ್ಟು, ಹಾಳೆಯ ನಾರು ಯಾವ ಕಡೆಗಿದೆ ಎಂದು ಮೂಲೆಯಲ್ಲಿ ಚೂರು ಹರಿದು ನೋಡುತ್ತೇನೆ.