0 ಸೆಕೆಂಡ್ ತೋರಿಸುತ್ತಿದ್ದ ವೇವ್ ಫೈಲ್ ಸರಿಹೋದದ್ದು ಹೀಗೆ

ರೆಕಾರ್ಡಿಂಗ್ ನಡೆಯುವಾಗಲೇ ಬ್ಯಾಟರಿ ಮುಗಿದು ರೆಕಾರ್ಡರ್ ಆಫ್ ಆಯಿತು. ವೇವ್ ಫೈಲ್ ಹತ್ತಾರು ಎಂಬಿ ಇದೆ, ಪ್ಲೇಯರ್‌ನಲ್ಲಿ ಉದ್ದ ಮಾತ್ರ 0 ಸೆಕೆಂಡ್. ಅಂದರೆ ದನಿ ಒಳಗೇ ಇದೆ, ಕೆಟ್ಟಿರುವುದು ಹೆಡರ್, ಅಂದರೆ ಫೈಲಿನ ವಿವರ ಇರುವ ಆರಂಭದ ಭಾಗ, ಅಲ್ವಾ?

ಫೈಲಿನ ಒಂದೊಂದು ಬೈಟನ್ನೂ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಸರಳ ಪಿಸಿಎಂ (ದನಿಯನ್ನು ಕುಗ್ಗಿಸದೆ ಇಡುವ ಬಗೆ) ವೇವ್‌ನ ಹೆಡರ್ 44 ಬೈಟ್. ಮೊದಲ 4 ಬೈಟ್ ‘ರಿಫ್’ (RIFF) ಅನ್ನುವ ಗುರುತು, ಮುಂದಿನ 4ರಲ್ಲಿ ಈ 8 ಬೈಟ್ ಬಿಟ್ಟು ಉಳಿದ ಫೈಲಿನ ಗಾತ್ರ. ಸೊನ್ನೆಯಿಂದ ಎಣಿಸಿದರೆ 40ನೇ ಜಾಗದಲ್ಲಿ ಬರೀ ದನಿಯ ಗಾತ್ರ. ಎರಡೂ ಕಡೆ ಸೊನ್ನೆಯೇ ಇತ್ತು. ಈ ರೆಕಾರ್ಡರ್ ಅವನ್ನು ತುಂಬುವುದು ಸ್ಟಾಪ್ ಒತ್ತಿದ ಮೇಲೆ.

ಮೊದಲು ಒಂದು ಕಾಪಿ ಇಟ್ಟುಕೊಂಡೆ. ಒಟ್ಟು ಗಾತ್ರದಲ್ಲಿ 8 ಕಳೆದು ಫೈಲ್ ಗಾತ್ರದ ಜಾಗಕ್ಕೆ, 44 ಕಳೆದು ದನಿಯ ಗಾತ್ರದ ಜಾಗಕ್ಕೆ ಬರೆದೆ. ಬೈಟ್‌ಗಳು ಹಿಂದುಮುಂದಾಗಿ ಕೂರುತ್ತವೆ, ಇದನ್ನು ಮರೆಯಬೇಡಿ. ನನ್ನ ಫೈಲಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದಿದೆ ಅನ್ನುವ ಲೆಕ್ಕ) 22050. ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, ಅದು 5622. ಆದರೆ 24ನೇ ಜಾಗದಲ್ಲಿ ಕಾಣುವುದು 22 56 00 00. ಗಾತ್ರವನ್ನೂ ಹಾಗೇ ತಿರುಗಿಸಿ ಬರೆಯಬೇಕು.

ಸೇವ್ ಮಾಡಿದೆ, ಪೂರ್ತಿ ಮಾತು ಕೇಳಿಸಿತು. ಎಷ್ಟು ಖುಷಿಯಾಯಿತು!

ಕೆಲವು ರೆಕಾರ್ಡರ್‌ಗಳು ನಡುವೆ ಬೇರೆ ಮಾಹಿತಿಯನ್ನೂ ಸೇರಿಸುತ್ತವೆ. ಆಗ ಈ 44ರ ಲೆಕ್ಕ ನಡೆಯುವುದಿಲ್ಲ. ದನಿ ಶುರುವಾಗುವ ಮುನ್ನ ಬರುವ ‘ಡೇಟಾ’ (data) ಗುರುತನ್ನು ಹುಡುಕಿ, ಅದರ ಮುಂದಿನ 4 ಬೈಟ್ ತಿದ್ದಿ.