ಬಿದ್ದ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಬೇಡಿ, ಹಾಲಿಗೆ ಹಾಕಿ

ನಾನು ಹಳ್ಳಿ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ಖೋ ಖೋ ಆಡಿಸುತ್ತೇನೆ. ಖೋ ಖೋ ಕಂಬ ಸುಮಾರು 4 ಅಡಿ ಎತ್ತರ. ಏಳನೇ ಕ್ಲಾಸಿನ ಹುಡುಗ ಓಡಿ ಬಂದು ಕಂಬ ಹಿಡಿದು ತಿರುಗುವಾಗ ಅವನ ಬಾಯಿ ಸರಿಯಾಗಿ ಆ ತುದಿಗೇ ಬರುತ್ತದೆ.

ಮೊದಲ ಸಲ ಒಬ್ಬ ಹುಡುಗನ ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬಂದಾಗ ನನಗೆ ಏನೂ ಗೊತ್ತಿರಲಿಲ್ಲ. ನಲ್ಲಿ ಕೆಳಗೆ ಹಿಡಿದು ಮಣ್ಣು ಹೋಗುವ ತನಕ ಉಜ್ಜಿದೆ. ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಬಸ್ಸು ಹಿಡಿದು ಹಲ್ಲಿನ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡು ಗಂಟೆ. ಅವರು ಹೇಗೋ ಕೂರಿಸಿದರು. ಮೂರು ವರ್ಷದಲ್ಲಿ ಬೇರು ಕರಗಿ ಆ ಹಲ್ಲು ಹೋಯಿತು. ಅವತ್ತಿನಿಂದ ಇದನ್ನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಬೆಳೆದವರು ನಾವು. ಬಿದ್ದ ಮೇಲೆ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಹಾಲು ಹಲ್ಲಿಗೆ ಆ ಮಾತು ಸರಿ. ಆರೇಳು ವರ್ಷದ ನಂತರ ಬಂದ ಹಲ್ಲು ಹಾಗಲ್ಲ. ಅದರ ಬೇರಿನ ಮೇಲೆ ತೆಳುವಾದ ಪೊರೆ ಇರುತ್ತದೆ. ಹಲ್ಲು ಮತ್ತೆ ಮೂಳೆಗೆ ಕಚ್ಚಿಕೊಳ್ಳುವುದು ಅದರಿಂದಲೇ. ಒಂದು ಗಂಟೆ ಒಣಗಿದರೆ ಆ ಪೊರೆ ಸಾಯುತ್ತದೆ. ನಾನು ಉಜ್ಜಿ ತೆಗೆದದ್ದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಮೊದಲು ಮಗುವನ್ನು ನೋಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಇದ್ದರೆ ಹಲ್ಲನ್ನು ಬಿಟ್ಟು ಆಸ್ಪತ್ರೆಗೆ ಓಡಿ. ಅದೇನೂ ಇಲ್ಲದಿದ್ದರೆ ಹಲ್ಲು ಹುಡುಕಿ. ಬೇರು ಮುಟ್ಟಬೇಡಿ, ನಾವು ಕಚ್ಚುವ ಬಿಳಿ ಭಾಗವನ್ನಷ್ಟೇ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಉಜ್ಜಬೇಡಿ, ಸೋಪು ಬೇಡ. ಆಮೇಲೆ ಹಲ್ಲಿದ್ದ ಜಾಗದಲ್ಲೇ ಮೆಲ್ಲಗೆ ಒತ್ತಿ ಕೂರಿಸಿ. ಉಬ್ಬಿದ ನುಣುಪು ಮುಖ ತುಟಿ ಕಡೆಗೆ ಇರಬೇಕು. ಮಡಚಿದ ಶುದ್ಧ ಬಟ್ಟೆಯನ್ನು ಕಚ್ಚಿ ಹಿಡಿಯಲು ಹೇಳಿ. ಕಾಲು ಗಂಟೆಯೊಳಗೆ ಇಷ್ಟಾದರೆ ಹಲ್ಲು ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ.

ಕೈ ನಡುಗುತ್ತದೆ, ಗೊತ್ತು. ಹೋದ ವರ್ಷ ಒಬ್ಬ ಹುಡುಗಿಗೆ ಹೀಗಾದಾಗ ನನ್ನ ಕೈಯೂ ನಡುಗಿತು. "ಸಾರ್, ನೋವಾಗುತ್ತಾ?" ಅಂದಳು. "ಸ್ವಲ್ಪ ಆಗುತ್ತೆ ಪುಟ್ಟಿ, ನನ್ನ ಕಣ್ಣನ್ನೇ ನೋಡು" ಅಂದೆ. ಹಲ್ಲು ಅರ್ಧ ಹೋಗಿ ತಡೆಯಿತು. ಚೂರು ತಿರುಗಿಸಿ ಒತ್ತಿದೆ, ಪಕ್ಕದ ಹಲ್ಲಿನ ಸಮಕ್ಕೆ ಬಂದು ಕೂತಿತು.

ಕೂರಿಸಲು ಆಗದಿದ್ದರೆ ಹಲ್ಲು ಮುಳುಗುವಷ್ಟು ತಣ್ಣನೆಯ ಹಾಲಿಗೆ ಹಾಕಿ. ಅಂಗಡಿಯ ನಂದಿನಿ ಪ್ಯಾಕೆಟ್ ಸಾಕು. ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು ಬೇಡ, ಅದು ಬಿಸಿ ಇರುತ್ತದೆ, ಸಕ್ಕರೆಯೂ ಬಿದ್ದಿರುತ್ತದೆ. ಹಾಲೇ ಸಿಗದಿದ್ದರೆ ಲೋಟದಲ್ಲಿ ಆ ಮಗುವಿನ ಉಗುಳನ್ನೇ ತೆಗೆದುಕೊಂಡು ಅದರಲ್ಲಿಡಿ. ನೀರಲ್ಲಿ ಇಡುವುದು ಒಳ್ಳೆಯದಲ್ಲ, ಒಣಗಲು ಬಿಡುವುದು ಅದಕ್ಕಿಂತ ಕೆಟ್ಟದ್ದು.

ಹಾಲು ಹಲ್ಲನ್ನು ಮಾತ್ರ ವಾಪಸ್ ಹಾಕಬೇಡಿ, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಏಟಾಗುತ್ತದೆ. ಯಾವ ಹಲ್ಲೆಂದು ಅನುಮಾನವಿದ್ದರೆ ಹಾಲಲ್ಲಿಟ್ಟು ಡಾಕ್ಟರಿಗೆ ತೋರಿಸಿ. ಹಲ್ಲು ಮುರಿದಿದ್ದರೆ ಆ ಚೂರನ್ನೂ ಹಾಲಲ್ಲೇ ಒಯ್ಯಿರಿ, ಎಷ್ಟೋ ಸಲ ಅದನ್ನೇ ಅಂಟಿಸುತ್ತಾರೆ. ಬಿದ್ದ ಹಲ್ಲು ಎಲ್ಲೂ ಸಿಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಉಸಿರಿನ ದಾರಿಗೆ ಹೋಗಿರಬಹುದು.

ಡಾಕ್ಟರು ಆ ಹುಡುಗಿಯ ಹಲ್ಲನ್ನು ಪಕ್ಕದವಕ್ಕೆ ಸಣ್ಣ ತಂತಿಯಿಂದ ಎರಡು ವಾರ ಕಟ್ಟಿಟ್ಟರು. ಟಿ.ಟಿ. ಇಂಜೆಕ್ಷನ್ ಆಯಿತು. ಎರಡು ವಾರದೊಳಗೇ ರೂಟ್ ಕೆನಾಲ್ ಶುರು ಮಾಡಿದರು. ಅಷ್ಟು ದಿನ ಮೆತ್ತಗಿನ ಅನ್ನ, ಗಂಜಿ, ಮೆತ್ತನೆಯ ಬ್ರಷ್. ಈಗಲೂ ಆಗಾಗ ಎಕ್ಸ್‌ರೇ ತೆಗೆಸುತ್ತೇವೆ.

ನನ್ನ ಆಟದ ಚೀಲದಲ್ಲಿ ಈಗ ಮುಚ್ಚಳವಿರುವ ಸಣ್ಣ ಡಬ್ಬಿ ಇರುತ್ತದೆ. ಮುಚ್ಚಳದ ಮೇಲೆ ಡಾಕ್ಟರ ನಂಬರು. ಎದುರಿನ ಅಂಗಡಿಯವರಿಗೂ ಹೇಳಿಟ್ಟಿದ್ದೇನೆ: ಮಕ್ಕಳು ಓಡಿ ಬಂದು ಹಾಲು ಕೇಳಿದರೆ ದುಡ್ಡು ಆಮೇಲೆ, ಮೊದಲು ಪ್ಯಾಕೆಟ್ ಕೊಡಿ.